ಕಾರ್ನಿಯಾ ಕಸಿ: ತಿರಸ್ಕಾರ ಮತ್ತು ಆಮ್ಲಜನಕ

ಕಾರ್ನಿಯಾ ಕಸಿಯಲ್ಲಿ ಬದಲಾಗುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ ಮಾತ್ರ, ಇಡೀ ಕಣ್ಣಲ್ಲ. ಹಳೆಯ ವಿಜಯಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ನೇತ್ರವೈದ್ಯ ಡಾ. ಎಂ.ಸಿ. ಮೋದಿ (1916–2005) ಅವರ ನೇತ್ರ ಶಿಬಿರಗಳ ಹೆಸರು ಈ ಸಂದರ್ಭದಲ್ಲೂ ಕೇಳಿಬರುತ್ತದೆ. ಆದರೆ ಅವು ಮುಖ್ಯವಾಗಿ ಪೊರೆ ತೆಗೆಯುವ ಶಿಬಿರಗಳು; ಕಸಿಯ ಚರಿತ್ರೆ ಬೇರೆಯೇ.

1905ರಲ್ಲಿ ಮೊರಾವಿಯದ ಓಲೊಮೌಟ್ಸ್‌ನಲ್ಲಿ ಎಡುವರ್ಡ್ ಜಿರ್ಮ್ ಸುಣ್ಣದಿಂದ ಕಣ್ಣು ಸುಟ್ಟುಕೊಂಡಿದ್ದ ಕೂಲಿಕಾರನಿಗೆ ಕಸಿ ಮಾಡಿದರು. ಒಂದು ಕಣ್ಣಿನ ಕಸಿ ಉಳಿಯಿತು. ಭಾರತದ ಮೊದಲ ನೇತ್ರ ಬ್ಯಾಂಕ್ 1945ರಲ್ಲಿ ಮದರಾಸಿನಲ್ಲಿ ಆರಂಭವಾಯಿತು. ದೇಶದ ಮೊದಲ ಯಶಸ್ವಿ ಕಸಿ ಯಾವುದೆಂಬುದರಲ್ಲಿ ಮಾತ್ರ ಬರಹಗಳು ಒಮ್ಮತಕ್ಕೆ ಬಂದಿಲ್ಲ: ಕೆಲವು 1948ರಲ್ಲಿ ಮದರಾಸಿನ ಮುತ್ತಯ್ಯ ಅವರನ್ನು ಹೆಸರಿಸಿದರೆ, ಕೆಲವು 1960ರಲ್ಲಿ ಇಂದೋರಿನ ಧಂಡಾ ಅವರನ್ನು ಹೆಸರಿಸುತ್ತವೆ.

ಇನ್ನೊಂದು ಗೊಂದಲ ಆಮ್ಲಜನಕದ್ದು. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಅದು ಕಣ್ಣೀರಿನಲ್ಲಿ ಕರಗಿದ ಗಾಳಿಯಿಂದಲೇ ಬಹುಪಾಲು ಆಮ್ಲಜನಕ ಪಡೆಯುತ್ತದೆ. ಕಣ್ಣಿನ ಮುಂಕೋಣೆಯಲ್ಲಿಟ್ಟ ಪರಕೀಯ ಚರ್ಮವೂ ರಕ್ತನಾಳ ತಲುಪದಿದ್ದರೆ ಉಳಿಯುತ್ತದೆ ಎಂದು ಪೀಟರ್ ಮೆಡಾವರ್ 1948ರಲ್ಲಿ ತೋರಿಸಿದರು. ಆಮ್ಲಜನಕ ಕಡಿಮೆಯಾದರೆ ಅಂಚಿನಿಂದ ಹೊಸ ನಾಳಗಳು ಚಾಚಿಕೊಳ್ಳುತ್ತವೆ. ಅವುಗಳ ಮೂಲಕ ಪ್ರತಿರಕ್ಷಣಾ ಕೋಶಗಳು ಕಸಿಯನ್ನು ಮುಟ್ಟಿ, ಅದನ್ನು ಪರಕೀಯವೆಂದು ತಿರಸ್ಕರಿಸುತ್ತವೆ. ಆದ್ದರಿಂದ ಒತ್ತಡದ ಕೋಣೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ತಿರಸ್ಕಾರ ತಗ್ಗೀತೆಂಬ ಊಹೆಗೆ ಆಧಾರವಿಲ್ಲದಿಲ್ಲ. ಆದರೂ ಅದು ತಿರಸ್ಕಾರಕ್ಕೆ ಅಂಗೀಕೃತ ಚಿಕಿತ್ಸೆಯಲ್ಲ. ದೀರ್ಘಕಾಲ ಕೊಟ್ಟರೆ ಸಮೀಪದೃಷ್ಟಿ ಹೆಚ್ಚುತ್ತದೆ, ಪೊರೆಯೂ ಬರಬಹುದು. ಸ್ಟೀರಾಯ್ಡ್ ಹನಿಗಳೇ ಇಂದಿಗೂ ಮೊದಲ ಮದ್ದು.

ತಿರಸ್ಕಾರ ತಗ್ಗಿಸುವಲ್ಲಿ ನಿಜವಾದ ತಿರುವು ಬಂದದ್ದು ಪದರ ಕಸಿಯಿಂದ. ಕೆಟ್ಟ ಪದರವನ್ನಷ್ಟೇ ಬದಲಿಸಿದರೆ ಪರಕೀಯ ಅಂಗಾಂಶ ಕಡಿಮೆಯಾಗುತ್ತದೆ. ಮುಂಪದರದ ಕಸಿಯಲ್ಲಿ ರೋಗಿಯ ಸ್ವಂತ ಒಳಪದರ ಉಳಿಯುವುದರಿಂದ ಅತ್ಯಂತ ಅಪಾಯಕಾರಿಯಾದ ಒಳಪದರದ ತಿರಸ್ಕಾರದ ಭಯವೇ ಇಲ್ಲ. ಕನ್ನಡಿಗರಿಗೆ ಇದು ಮನದಟ್ಟಾದದ್ದು 2021ರ ಅಕ್ಟೋಬರಿನಲ್ಲಿ. ಆಗ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ದಾನವಾದ ಎರಡು ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಸೀಳಿ, ಮುಂಪದರಗಳನ್ನು ಇಬ್ಬರಿಗೆ, ಹಿಂಪದರಗಳನ್ನು ಇನ್ನಿಬ್ಬರಿಗೆ ಕಸಿ ಮಾಡಲಾಯಿತು. ಆ ನಂತರ ನೇತ್ರದಾನಕ್ಕೆ ಹೆಸರು ಬರೆಸಿದವರ ಸಂಖ್ಯೆ ರಾಜ್ಯದಲ್ಲಿ ಗಣನೀಯವಾಗಿ ಏರಿತು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ಒಕ್ಕಲುತನದ ಸೀಮೆಗೆ ಈ ವಿಷಯ ಹತ್ತಿರದ್ದು. ಕಬ್ಬಿನ ರವದಿ ಕಣ್ಣಿಗೆ ಬಡಿದರೆ ಶಿಲೀಂಧ್ರ ಸೇರಿ ಹುಣ್ಣಾಗಬಹುದು; ಹುಣ್ಣು ಮಾಯ್ದ ಮೇಲೆ ಕಣ್ಣಲ್ಲಿ ಬಿಳಿ ಹೂ ಉಳಿಯುತ್ತದೆ, ಅದರೊಳಕ್ಕೆ ರಕ್ತನಾಳಗಳೂ ಹಬ್ಬಬಹುದು. ಅಂಥ ಕಣ್ಣಿನಲ್ಲೇ ಕಸಿ ತಿರಸ್ಕಾರವಾಗುವ ಸಂಭವ ಹೆಚ್ಚು. ಕಸಿಯಾಗಿ ವರ್ಷಗಳು ಕಳೆದಿದ್ದರೂ ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ಚುಚ್ಚಿದರೆ ಅಥವಾ ನೋಟ ಮಂಜಾದರೆ ಕೂಡಲೇ ನೇತ್ರವೈದ್ಯರನ್ನು ಕಾಣಬೇಕು. ಆರಂಭದಲ್ಲೇ ಹನಿ ಬಿದ್ದರೆ ಹೆಚ್ಚಿನ ಕಸಿಗಳು ಉಳಿಯುತ್ತವೆ.