ಒಂದೇ ಸ್ಪ್ರಿಂಗು, ಎರಡು ಬದಿ

1889ರಲ್ಲಿ ಸ್ವಿಟ್ಜರ್ಲೆಂಡಿನ ಸೈನ್ಯಕ್ಕೆ ಶ್ಮಿಟ್-ರುಬಿನ್ ಎಂಬ ಹೊಸ ರೈಫಲ್ ಬಂತು. ಅದನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಲು ಸ್ಕ್ರೂ ಡ್ರೈವರ್ ಬೇಕು. ಸೈನಿಕನ ಊಟವೂ ತಗಡಿನ ಡಬ್ಬಿಗೆ ಬಂದಿತ್ತು. ಅದನ್ನು ತೆರೆಯಲು ಇನ್ನೊಂದು ಸಲಕರಣೆ. ಬೆನ್ನ ಮೇಲೆ ಹೊರೆ ಹೊತ್ತು ಬೆಟ್ಟ ಹತ್ತುವವನ ಚೀಲಕ್ಕೆ ಒಂದೊಂದು ಕೆಲಸಕ್ಕೂ ಒಂದೊಂದು ಉಪಕರಣ ತುಂಬಲಾಗದು. ಹಾಗಾಗಿ ಒಂದೇ ಮಡಚು ಚಾಕುವಿನಲ್ಲಿ ನಾಲ್ಕು ಬೇಕೆಂದು ಸೈನ್ಯ ಕೇಳಿತು: ಅಲಗು, ತೂತು ಕೊರೆಯುವ ಮೊನೆ, ಡಬ್ಬಿ ತೆರೆಯುವ ಕೊಕ್ಕೆ, ಸ್ಕ್ರೂ ಡ್ರೈವರ್. ಕಪ್ಪು ಬಣ್ಣದ ಮರದ ಹಿಡಿ. ಇದೇ 1890ರ ಮಾದರಿ. ಇವತ್ತು ನಾವು ಕೀ ಗೊಂಚಲಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಕೆಂಪು ಚಾಕುವಿನ ವಂಶ ಶುರುವಾದದ್ದು ಅಲ್ಲಿಂದ.

ನಾನು ಐಟಿಐಯಲ್ಲಿ ಫಿಟ್ಟರ್ ವಿಭಾಗದ ಮೇಷ್ಟ್ರಾಗಿದ್ದವನು. ಹುಡುಗರಿಗೆ ಅರ ಹಿಡಿಯುವುದನ್ನು, ವೈಸಿಗೆ ಕಬ್ಬಿಣ ಕಚ್ಚಿಸುವುದನ್ನು ಕಲಿಸುವಾಗ ಈ ಚಾಕುವನ್ನು ಅವರ ಕೈಗೆ ಕೊಟ್ಟು, "ನಿಧಾನವಾಗಿ ಬಿಡಿಸ್ರೋ, ಕಣ್ಣಿಗಿಂತ ಮೊದಲು ಕಿವಿ ಕೊಡಿ" ಎನ್ನುತ್ತಿದ್ದೆ. ಅಲಗು ತನ್ನ ಜಾಗಕ್ಕೆ ಬಂದಾಗ ಟಕ್ ಎಂದು ಒಂದೇ ಸದ್ದು ಬರಬೇಕು. ಆ ಸದ್ದಿನಲ್ಲಿ ರಿವೆಟ್ಟಿನ ಬಿಗಿ, ಸ್ಪ್ರಿಂಗಿನ ಹದ, ಅರ ಹಾಕಿದವನ ಕೈ ಎಲ್ಲವೂ ಇದೆ. ಉಪಕರಣದ ಚರಿತ್ರೆಯನ್ನು ಹೇಳದೆ ಉಪಕರಣ ಕಲಿಸಬಾರದು ಎಂದು ನಂಬಿದವನು ನಾನು. ಈ ಚರಿತ್ರೆಯಲ್ಲಂತೂ ಒಬ್ಬ ಕೈಕಸುಬಿನವನ ಹಟ ಇದೆ.

ಅವನ ಹೆಸರು ಕಾರ್ಲ್ ಎಲ್ಸೆನರ್, ಹುಟ್ಟಿದ್ದು 1860ರಲ್ಲಿ. ಚಾಕು ಮಾಡುವ ಕೆಲಸ ಕಲಿತು, ಪ್ಯಾರಿಸ್ಸಿನಲ್ಲೂ ಜರ್ಮನಿಯ ಟುಟ್ಲಿಂಗೆನ್‌ನಲ್ಲೂ ದುಡಿದು ಊರಿಗೆ ಮರಳಿದ. 1884ರಲ್ಲಿ ಶ್ವಿಝ್ ಪ್ರಾಂತ್ಯದ ಇಬಾಕ್ ಎಂಬ ಹಳ್ಳಿಯಲ್ಲಿ, ಹಳ್ಳದ ನೀರಿನ ಬಲದಿಂದ ಚಕ್ರ ತಿರುಗಿಸುವ ಸಣ್ಣ ಕಾರ್ಖಾನೆ ತೆರೆದ. ಆಗ ಆ ಸೀಮೆ ಬಡವರದು. ಕೆಲಸವಿಲ್ಲದೆ ಜನ ಗಂಟು ಕಟ್ಟಿಕೊಂಡು ಅಮೆರಿಕದ ಕಡೆಗೆ ಹೊರಡುತ್ತಿದ್ದರು. ಊರಿನ ಮಕ್ಕಳಿಗೆ ಊರಲ್ಲೇ ಅನ್ನ ಹುಟ್ಟಬೇಕು ಎಂಬುದು ಅವನ ಆಸೆ.

ಸೈನ್ಯಕ್ಕೆ ಚಾಕು ಬೇಕಾದಾಗ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಮಾಡಿಕೊಡುವ ಕಾರ್ಖಾನೆ ಸ್ವಿಟ್ಜರ್ಲೆಂಡಿನಲ್ಲೇ ಇರಲಿಲ್ಲ. ಮೊದಲ 15,000 ಚಾಕುಗಳು ಬಂದದ್ದು ಜರ್ಮನಿಯ ಝೋಲಿಂಗೆನ್‌ನಿಂದ. ಸ್ವಿಸ್ ಸೈನಿಕನ ಜೇಬಿನಲ್ಲಿ ಜರ್ಮನ್ ಚಾಕು! ಎಲ್ಸೆನರ್‌ಗೆ ಇದು ಸಹಿಸಲಾಗಲಿಲ್ಲ. ದೇಶದ ಚಾಕು ಕಸುಬಿನವರನ್ನು ಸಂಘ ಕಟ್ಟಿ ಸೇರಿಸಿ, 1891ರ ಅಕ್ಟೋಬರಿನಲ್ಲಿ ಮೊದಲ ಕಂತು ಒಪ್ಪಿಸಿದ. ಆದರೆ ಯಂತ್ರಗಳಲ್ಲಿ ರಾಶಿರಾಶಿಯಾಗಿ ತಯಾರಾಗುವ ಝೋಲಿಂಗೆನ್ನಿನ ಬೆಲೆಗೆ ಇವರ ಕೈಕೆಲಸ ನಿಲ್ಲಲಿಲ್ಲ. ಸಂಗಡಿಗರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಎಲ್ಸೆನರ್ ಬಿಡಲಿಲ್ಲ, ಸಾಲದಲ್ಲಿ ಮುಳುಗಿದ, ನಂಟರಿಷ್ಟರು ಕೈಹಿಡಿದದ್ದರಿಂದ ಉಳಿದುಕೊಂಡ.

ಅವನನ್ನು ದಡ ಸೇರಿಸಿದ್ದು ಒಂದು ಸ್ಪ್ರಿಂಗು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ಚಾಕುವಿನ ಜಾಣತನವೆಲ್ಲ ಇಲ್ಲೇ ಇರುವುದು. ಮಡಚು ಚಾಕುವಿನ ಬೆನ್ನಿನಲ್ಲಿ ಉಕ್ಕಿನ ಒಂದು ಪಟ್ಟಿ ಇರುತ್ತದೆ. ಅಲಗಿನ ಬುಡ ಅದನ್ನು ಒತ್ತಿಕೊಂಡು ತಿರುಗುತ್ತದೆ. ಪಟ್ಟಿ ಹಿಂದಕ್ಕೆ ಬಾಗಿ, ಅಲಗು ಪೂರ್ತಿ ತೆರೆದ ಕ್ಷಣಕ್ಕೆ ಮರಳಿ ಬಂದು ಬಿಗಿಯಾಗಿ ಹಿಡಿಯುತ್ತದೆ. ಸಾಮಾನ್ಯ ಚಾಕುವಿನಲ್ಲಿ ಈ ಪಟ್ಟಿ ದುಡಿಯುವುದು ಒಂದು ಬದಿಗೆ ಮಾತ್ರ. ಎಲ್ಸೆನರ್ ಅದೇ ಪಟ್ಟಿಯ ಹೊರಬದಿಯಲ್ಲೂ ಉಪಕರಣ ಕೂರಿಸಿದ. ಹೀಗೆ ಎರಡು ಸ್ಪ್ರಿಂಗುಗಳ ಮೇಲೆ ಆರು ಉಪಕರಣಗಳು ಕುಳಿತವು: ಸೈನಿಕನ ನಾಲ್ಕರ ಜೊತೆಗೆ ಇನ್ನೊಂದು ಸಣ್ಣ ಅಲಗು ಮತ್ತು ಬಾಟಲಿಯ ಬಿರಡೆ ತೆಗೆಯುವ ಸುರುಳಿ. ಚಾಕು ದಪ್ಪವಾಗಲಿಲ್ಲ, ಭಾರವೂ ಆಗಲಿಲ್ಲ. 1897ರ ಜೂನ್ 12ರಂದು ಇದರ ಹಕ್ಕು ನೋಂದಣಿಯಾಯಿತು. 'ಅಧಿಕಾರಿಗಳ ಚಾಕು' ಎಂದು ಅವನು ಹೆಸರಿಟ್ಟರೂ ಸೈನ್ಯ ಇದನ್ನು ಅಧಿಕೃತವಾಗಿ ಹಂಚಲಿಲ್ಲ. ಅಧಿಕಾರಿಗಳು ತಮ್ಮ ದುಡ್ಡಿನಲ್ಲೇ ಕೊಂಡರು.

ಒಂದರಲ್ಲಿ ಹಲವು ಎಂಬ ಯೋಚನೆ ಇವನದೇನಲ್ಲ. ಕೇಂಬ್ರಿಡ್ಜಿನ ಫಿಟ್ಸ್‌ವಿಲಿಯಂ ಮ್ಯೂಸಿಯಮ್ಮಿನಲ್ಲಿ ರೋಮನ್ನರ ಕಾಲದ ಬೆಳ್ಳಿಯ ಮಡಚು ಉಪಕರಣವೊಂದಿದೆ. ಚಮಚ, ಫೋರ್ಕು, ಕಬ್ಬಿಣದ ಅಲಗು ಎಲ್ಲವೂ ಅದರಲ್ಲಿವೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಜೋಸೆಫ್ ರಾಜರ್ಸ್ ಕಂಪನಿ 1822ರಲ್ಲಿ 1,822 ಅಲಗುಗಳ ಚಾಕು ಮಾಡಿ, ವರ್ಷಕ್ಕೊಂದು ಅಲಗು ಸೇರಿಸುತ್ತ ಬಂತು. 2006ರಲ್ಲಿ ಸ್ವಿಸ್ ಕಂಪನಿ ವೆಂಗರ್ 87 ಉಪಕರಣಗಳ ಚಾಕು ತಂದಿತು. ತೂಕ ಒಂದು ಕಿಲೋಗಿಂತ ಹೆಚ್ಚು. ಕೊನೆಯ ಈ ಎರಡೂ ಕಸುಬಿನ ಪ್ರತಾಪಕ್ಕೆ ಸಾಕ್ಷಿ, ಆದರೆ ಜೇಬಿಗೆ ಬರುವಂಥವಲ್ಲ. ಆಪತ್ತು ಬಂದಾಗ ಉಪಯೋಗಕ್ಕೆ ಬರುವುದು ಜೊತೆಯಲ್ಲಿ ಇದ್ದದ್ದು ಮಾತ್ರ. ನನ್ನ ಲೆಕ್ಕದಲ್ಲಿ ಆರೇಳು ಉಪಕರಣ ಧಾರಾಳ.

1909ರಲ್ಲಿ ಎಲ್ಸೆನರ್‌ನ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಅವನು ಕಂಪನಿಗೆ ಆಕೆಯ ಹೆಸರಿಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕಿನ ಫ್ರೆಂಚ್ ಹೆಸರಿನ ಮೊದಲ ಭಾಗ ಅದಕ್ಕೆ ಸೇರಿ ವಿಕ್ಟೋರಿನಾಕ್ಸ್ ಆಯಿತು. ಈ ನಡುವೆ ಫ್ರೆಂಚ್ ಮಾತಾಡುವ ಜೂರಾ ಸೀಮೆಯ ವೆಂಗರ್‌ಗೂ ಸೈನ್ಯದ ಗುತ್ತಿಗೆಯಲ್ಲಿ ಅರ್ಧ ಪಾಲು ಸಿಕ್ಕಿತ್ತು. ಜರ್ಮನ್ ಮಾತಿನ ಪ್ರಾಂತ್ಯಕ್ಕೇ ಎಲ್ಲವೂ ಹೋಗಬಾರದಲ್ಲ. 2005ರಲ್ಲಿ ವಿಕ್ಟೋರಿನಾಕ್ಸ್ ವೆಂಗರನ್ನೇ ಕೊಂಡಿತು.

ಹದದ ವಿಷಯ ಹೇಳದೆ ಮುಂದೆ ಹೋಗಲು ನನ್ನಿಂದಾಗದು. ನಮ್ಮ ಹಳ್ಳಿಯ ಕಮ್ಮಾರರು ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕತ್ತಿ ಬಡಿಯುತ್ತಾರೆ. ಕುಲುಮೆಯಲ್ಲಿ ಕಾದ ಅಲಗಿನ ಬಣ್ಣ ನೋಡಿ, ಸರಿಯಾದ ಗಳಿಗೆಗೆ ಅದ್ದಿ ತೆಗೆಯುವುದು ಕಣ್ಣಳತೆಯ ವಿದ್ಯೆ. ಇಬಾಕ್‌ನವರು ಅದನ್ನೇ 1931ರಿಂದ ವಿದ್ಯುತ್ ಕುಲುಮೆಯಲ್ಲಿ, ಅಳತೆ ಹಿಡಿದು ಮಾಡತೊಡಗಿದರು. ಅವರ ಅಲಗಿನ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 56, ಸ್ಕ್ರೂ ಡ್ರೈವರಿನದು 52, ಸ್ಪ್ರಿಂಗಿನದು 49. ಎಲ್ಲವನ್ನೂ ಒಂದೇ ಗಡಸಿಗೆ ತಂದರೆ ಸ್ಪ್ರಿಂಗು ಬಾಗದೆ ಮುರಿಯುತ್ತದೆ, ಸ್ಕ್ರೂ ಡ್ರೈವರಿನ ತುದಿ ಚಕ್ಕೆ ಏಳುತ್ತದೆ; ಎಲ್ಲವನ್ನೂ ಮೆತ್ತಗೆ ಬಿಟ್ಟರೆ ಅಲಗಿನ ಹರಿತ ನಿಲ್ಲುವುದಿಲ್ಲ. ಈ ಮೂರು ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು, ಉಕ್ಕಿನ ಪಾಠವನ್ನು ಅಲ್ಲಿಂದಲೇ ಶುರುಮಾಡುತ್ತಿದ್ದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪಿನಲ್ಲಿದ್ದ ಅಮೆರಿಕದ ಸೈನಿಕರು ಈ ಚಾಕುವನ್ನು ರಾಶಿಗಟ್ಟಲೆ ಕೊಂಡು ಊರಿಗೆ ಒಯ್ದರು. 'ಸ್ವಿಸ್ ಆರ್ಮಿ ನೈಫ್' ಎಂಬ ಹೆಸರು ಹರಡಿದ್ದು ಅವರಿಂದ. 1995ರ ನವೆಂಬರಿನಲ್ಲಿ ಅಮೆರಿಕದ ಅಟ್ಲಾಂಟಿಸ್ ಬಾಹ್ಯಾಕಾಶ ನೌಕೆ ರಷ್ಯಾದ ಮಿರ್ ನಿಲ್ದಾಣಕ್ಕೆ ಕೂಡಿಕೊಂಡಾಗ, ನಡುವಿನ ಬಾಗಿಲನ್ನು ಎಂಜಿನಿಯರುಗಳು ಪಟ್ಟಿ, ಟೇಪುಗಳಿಂದ ಬಲವಾಗಿ ಬಿಗಿದಿದ್ದರು. ಕೆನಡಾದ ಗಗನಯಾತ್ರಿ ಕ್ರಿಸ್ ಹ್ಯಾಡ್‌ಫೀಲ್ಡ್ ಅವುಗಳನ್ನು ಕೊಯ್ದು ಒಳಗೆ ದಾರಿ ಮಾಡಿಕೊಂಡದ್ದು ಇದೇ ಚಾಕುವಿನಿಂದ. ನಮ್ಮ ಅನುಭವ ಅಷ್ಟು ಎತ್ತರದ್ದಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಬಸ್ಸುಗಳು ಸಾಲಾಗಿ ನಿಂತಿದ್ದ ಒಂದು ಸಂಜೆ, ಪಕ್ಕದ ಜೀಪಿನ ಹೆಡ್‌ಲೈಟಿನ ವೈರು ಕಳಚಿತ್ತು. ತುದಿಯ ಸಿಪ್ಪೆ ಸುಲಿದು, ಸ್ಕ್ರೂ ಬಿಗಿದು ಕೊಟ್ಟೆ. ಅದರಲ್ಲಿದ್ದ ಬಸುರಿ ಹೆಂಗಸು ಕತ್ತಲಾಗುವ ಮೊದಲು ಸಕಲೇಶಪುರದ ಕಡೆಗೆ ತಿರುಗಿ ಹೋಗಲು ಅಷ್ಟು ಸಾಕಾಯಿತು. ಉಳಿದ ದಿನಗಳಲ್ಲಿ ಅದು ಮಾಡುವುದು ಸಣ್ಣ ಕೆಲಸಗಳನ್ನೇ: ಮಿಕ್ಸಿಯ ಪ್ಲಗ್ ಬಿಗಿಯುವುದು, ಗೊಬ್ಬರದ ಚೀಲದ ಹೊಲಿಗೆ ಕೊಯ್ಯುವುದು, ಮೊಮ್ಮಗನ ಕಾಲಿನ ಮುಳ್ಳು ಕೀಳುವುದು.

2001ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಲೆ ನಡೆದ ವಿಮಾನ ದಾಳಿಯ ನಂತರ ವಿಮಾನದೊಳಗೆ ಚಾಕು ನಿಷಿದ್ಧವಾಯಿತು. ವಿಮಾನ ನಿಲ್ದಾಣದ ಅಂಗಡಿಗಳಲ್ಲೂ ಖರ್ಚಾಗುತ್ತಿದ್ದ ಈ ಚಾಕುವಿನ ವ್ಯಾಪಾರ ಕುಸಿದುಬಿತ್ತು. ಆಗ ಕಂಪನಿ ಕೆಲಸಗಾರರನ್ನು ಮನೆಗೆ ಕಳಿಸಲಿಲ್ಲ. ಕೆಲವರನ್ನು ಸುತ್ತಲಿನ ಬೇರೆ ಕಂಪನಿಗಳಿಗೆ ಎರವಲು ಕೊಟ್ಟು, ಆಮೇಲೆ ವಾಪಸು ಕರೆಸಿಕೊಂಡಿತು. ಊರಿನ ಮಕ್ಕಳಿಗೆ ಊರಲ್ಲೇ ಅನ್ನ ಎಂದು ಹೊರಟವನ ಕಾರ್ಖಾನೆಗೆ ಇದು ತಕ್ಕ ನಡೆ. ಚಾಕುವಿಗಿಂತ ಹೆಚ್ಚು ಗೌರವ ನನಗೆ ಇದರ ಮೇಲೆ.

ಈ ಚಾಕುವಿಗೆ ಒಂದು ಕೊರತೆ ಇತ್ತು: ಹಿಡಿದು ತಿರುಗಿಸಲು ಕಟಿಂಗ್ ಪ್ಲೇಯರ್ ಇರಲಿಲ್ಲ. 1975ರಲ್ಲಿ ಟಿಮ್ ಲೆದರ್‌ಮನ್ ಎಂಬ ಅಮೆರಿಕದ ಎಂಜಿನಿಯರು ಹೆಂಡತಿಯ ಜೊತೆ ಹಳೇ ಫಿಯಟ್ ಕಾರಿನಲ್ಲಿ ಯುರೋಪು, ಮಧ್ಯಪ್ರಾಚ್ಯ ಸುತ್ತುವಾಗ ಕಾರು ಮತ್ತೆ ಮತ್ತೆ ಕೆಡುತ್ತಿತ್ತು, ಹೋಟೆಲುಗಳ ನಲ್ಲಿ ಸೋರುತ್ತಿತ್ತು, ಕೈಯಲ್ಲಿದ್ದದ್ದು ಬರೀ ಚಾಕು. ಊರಿಗೆ ಮರಳಿ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಕೂತು, ಪ್ಲೇಯರಿನ ಎರಡು ಹಿಡಿಗಳೊಳಗೆ ಉಳಿದೆಲ್ಲವನ್ನೂ ಮಡಚಿಟ್ಟ. ಕಂಪನಿಗಳು ಬೇಡವೆಂದವು. 1983ರಲ್ಲಿ ಗೆಳೆಯನೊಬ್ಬನ ಜೊತೆ ತಾನೇ ಮಾರಲು ನಿಂತ. ಇಂದು ಲೈನ್‌ಮನ್‌ಗಳ ಸೊಂಟದಲ್ಲಿ, ಬೈಕಿನಲ್ಲಿ ಲಡಾಖ್‌ಗೆ ಹೊರಡುವ ಹುಡುಗರ ಬ್ಯಾಗಿನಲ್ಲಿ ಕಾಣುವ ಮಲ್ಟಿಟೂಲ್‌ಗಳ ಹಿರಿಯಣ್ಣ ಅದು.

ನಿಮ್ಮ ಮನೆಯ ಡ್ರಾಯರಿನಲ್ಲೂ ಇಂಥದೊಂದು ಬಿದ್ದಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಬೆಚ್ಚಗಿನ ನೀರಿನಲ್ಲಿ ಅಲಗುಗಳನ್ನು ಬಿಡಿಸಿ ಮಡಚಿ ಕೊಳೆ ಕಳೆದು, ಪೂರ್ತಿ ಒಣಗಿಸಿ, ಕೀಲಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಸಣ್ಣ ಚಾಕುವಿನ ಅಲಗಿಗೆ ಲಾಕ್ ಇರುವುದಿಲ್ಲ. ಬೆನ್ನ ಕಡೆಯಿಂದ ಒತ್ತಿದರೆ ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ ಎಂದು ಮಕ್ಕಳಿಗೆ ಮೊದಲೇ ತೋರಿಸಿ. ವಿಮಾನಕ್ಕೆ ಹೋಗುವಾಗ ಅದನ್ನು ಚೆಕ್-ಇನ್ ಸಾಮಾನಿನೊಳಗೆ ಇಡಿ. ಹೈಸ್ಕೂಲಿಗೆ ಹೋಗುವ ಮಗಳಿದ್ದರೆ, ಗೋಡೆಯಿಂದ ಕಿತ್ತ ಪ್ಲಗ್ಗೊಂದನ್ನು ಅವಳ ಕೈಗೆ ಕೊಟ್ಟು, ಬಿಚ್ಚಿ ಮತ್ತೆ ಜೋಡಿಸುವುದನ್ನು ಈ ಭಾನುವಾರವೇ ಕಲಿಸಿಬಿಡಿ.