ಕ್ಯಾಟೆಕಾಲ್ ಒಡೆದಾಗ ಮೂಡುವ ಹಳದಿ

ಫೀನಾಲ್, ಟಾಲುಯೀನ್‌ಗಳಂಥ ಮಾಲಿನ್ಯಕಾರಕಗಳನ್ನು ಅರಗಿಸಿಕೊಳ್ಳುವ ಅನೇಕ ಬ್ಯಾಕ್ಟೀರಿಯಾಗಳು ಅವನ್ನು ಮೊದಲು ಕ್ಯಾಟೆಕಾಲ್ ಅಥವಾ ಅದರ ಮೀಥೈಲ್ ರೂಪಕ್ಕೆ ಇಳಿಸುತ್ತವೆ. ಆಮೇಲೆ ಕ್ಯಾಟೆಕಾಲ್‌ನ ಬೆಂಜೀನ್ ಉಂಗುರ ಒಡೆಯಬೇಕು. ಎರಡು ಹೈಡ್ರಾಕ್ಸಿಲ್‌ಗಳ ನಡುವೆ ಒಡೆದರೆ ಬಣ್ಣವಿಲ್ಲದ ಮ್ಯುಕಾನಿಕ್ ಆಮ್ಲ ಸಿಗುತ್ತದೆ. ಅವುಗಳ ಪಕ್ಕದ ಬಂಧ ಒಡೆದರೆ 2-ಹೈಡ್ರಾಕ್ಸಿಮ್ಯುಕಾನಿಕ್ ಸೆಮಿಆಲ್ಡಿಹೈಡ್. ಈ ಟಿಪ್ಪಣಿ ಎರಡನೆಯದನ್ನು ಕುರಿತದ್ದು.

ಇದರ ಬಣ್ಣ ಗಾಢ ಹಳದಿ. 375 ನ್ಯಾನೊಮೀಟರ್ ಬಳಿ ಬೆಳಕನ್ನು ಹೀರುತ್ತದೆ. ಸೂಡೊಮೋನಾಸ್ ಪುಟಿಡಾದ ಟಾಲ್ ಪ್ಲಾಸ್ಮಿಡ್‌ನಲ್ಲಿರುವ ಝೈಲ್-ಇ ಜೀನ್ (ಪಕ್ಕದ ಬಂಧ ಒಡೆಯುವ ಕಿಣ್ವದ್ದು) ಕೆಲಸ ಮಾಡುತ್ತಿರುವ ಬ್ಯಾಕ್ಟೀರಿಯಾ ಗುಂಪಿನ ಮೇಲೆ ಕ್ಯಾಟೆಕಾಲ್ ಸಿಂಪಡಿಸಿದರೆ ಬೇಗನೆ ಹಳದಿ ಮೂಡುತ್ತದೆ. ಹಾಗಾಗಿ ಜೀನ್ ಸಕ್ರಿಯವಾಗಿದೆಯೇ ಎಂದು ತಿಳಿಯಲು ಇದು ಒಳ್ಳೆಯ ಗುರುತು. ಆದರೆ ಮಾಲಿನ್ಯ ತೊಲಗಿತೆಂಬುದಕ್ಕೂ ಇದನ್ನೇ ಪುರಾವೆಯಾಗಿ ಹಿಡಿಯುವುದು ಸರಿಯಲ್ಲ.

ಹಳದಿ ಹಾಗೇ ಉಳಿದರೆ ಮುಂದಿನ ಹೆಜ್ಜೆ ಹಿಂದೆ ಬಿದ್ದಿದೆ ಎಂದೇ ಅರ್ಥ. ಆ ಹೆಜ್ಜೆಗೆ ದಾರಿ ಎರಡು: ಡಿಹೈಡ್ರೋಜಿನೇಸ್ ಕಿಣ್ವ ಆಲ್ಡಿಹೈಡನ್ನು ಆಮ್ಲವಾಗಿಸಿ, ನಂತರ ಕಾರ್ಬನ್ ಡೈಆಕ್ಸೈಡ್ ಹೊರಬೀಳುವ ದಾರಿ ಒಂದು, ಹೈಡ್ರೋಲೇಸ್ ನೇರವಾಗಿ ಫಾರ್ಮೇಟ್ ಕಳಚುವುದು ಇನ್ನೊಂದು. ಎರಡೂ ಒಂದೇ ಸಂಯುಕ್ತಕ್ಕೆ ತಲುಪಿ, ಕೊನೆಗೆ ಪೈರುವೇಟ್ ಮತ್ತು ಅಸಿಟಾಲ್ಡಿಹೈಡ್ ಕೊಡುತ್ತವೆ. ಒಂದೇ ಗುರಿಗೆ ಎರಡು ದಾರಿ ಏಕೆ? 3-ಮೀಥೈಲ್‌ಕ್ಯಾಟೆಕಾಲ್ ಒಡೆದಾಗ ಹುಟ್ಟುವುದು ಆಲ್ಡಿಹೈಡ್ ಅಲ್ಲ, ಕೀಟೋನ್. ಅದರ ಮೇಲೆ ಡಿಹೈಡ್ರೋಜಿನೇಸ್‌ನ ಆಟ ನಡೆಯದು, ಹೈಡ್ರೋಲೇಸೇ ಬೇಕು. ಒಂದೇ ಪ್ಲಾಸ್ಮಿಡ್ ಎರಡನ್ನೂ ಹೊತ್ತಿರುವುದು ನನಗೆ ಈ ಇಡೀ ಮಾರ್ಗದಲ್ಲೇ ಅತ್ಯಂತ ಸುಂದರವಾಗಿ ಕಾಣುವ ಸಂಗತಿ.

ಹಳದಿ ಕಾಣದಿದ್ದರೆ ಸೆಮಿಆಲ್ಡಿಹೈಡ್ ಹುಟ್ಟಲೇ ಇಲ್ಲವೆಂದೂ ಹೇಳಲಾಗದು. ಆಮ್ಲ ಸೇರಿಸಿದರೆ ಬಣ್ಣ ಮಾಯವಾಗಿ, ಕ್ಷಾರ ಹಾಕಿದರೆ ಮರಳುತ್ತದೆ. ಅಮೋನಿಯ ಇದ್ದರೆ ಸೆಮಿಆಲ್ಡಿಹೈಡ್ ಕಿಣ್ವದ ನೆರವಿಲ್ಲದೆಯೇ ಪಿಕೊಲಿನಿಕ್ ಆಮ್ಲವಾಗಿ ಬದಲಾಗಬಲ್ಲದು. ಸಾರಜನಕಕ್ಕೆಂದು ಅಮೋನಿಯಂ ಲವಣ ಬೆರೆಸುವವರು ಇದನ್ನು ಮರೆಯುವಂತಿಲ್ಲ.

ಕ್ಲೋರಿನ್ ಇರುವ ತ್ಯಾಜ್ಯದ ಕಥೆ ಇನ್ನೂ ತೊಡಕಿನದು. 3-ಕ್ಲೋರೊಕ್ಯಾಟೆಕಾಲನ್ನು ಒಡೆಯಹೋದ ಕಿಣ್ವ, ತಾನೇ ಸೃಷ್ಟಿಸಿದ ಅಸೈಲ್ ಕ್ಲೋರೈಡ್‌ನಿಂದ ಸಾಮಾನ್ಯವಾಗಿ ನಿಷ್ಕ್ರಿಯವಾಗುತ್ತದೆ. ಆಗ ಕ್ಯಾಟೆಕಾಲ್‌ಗಳು ಒಡೆಯದೆ ಉಳಿದು, ಗಾಳಿಗೆ ಉತ್ಕರ್ಷಣಗೊಂಡು ಕಂದುಗಪ್ಪಾಗುತ್ತವೆ. ಅವು ಜೀವಕೋಶಗಳಿಗೂ ವಿಷ.

ಆದ್ದರಿಂದ 375ರ ಓದಿನ ಜೊತೆಗೆ ಪಿಎಚ್ ಮತ್ತು ಅಮೋನಿಯಂ ಪ್ರಮಾಣವನ್ನು ದಾಖಲಿಸಬೇಕು. ಹಳದಿ ಏರಿ ಇಳಿಯುವವರೆಗೆ ಅಳೆಯುತ್ತಿರಬೇಕು. ದ್ರಾವಣದಲ್ಲಿ ಉಳಿದ ಒಟ್ಟು ಸಾವಯವ ಇಂಗಾಲ ಮತ್ತು ಹೊರಬಂದ ಕಾರ್ಬನ್ ಡೈಆಕ್ಸೈಡ್‌ನ ಲೆಕ್ಕ ಸಿಗುವವರೆಗೆ ಮಾಲಿನ್ಯಕಾರಕ ಪೂರ್ತಿ ವಿಘಟನೆಯಾಯಿತೆಂದು ಬರೆಯಬಾರದು.