ಮೇಜಿನ ಮೇಲಿನ ರೈಲು, ಮರೆಯಾದ ಊರು

ಬ್ರಿಟನ್ನಿಗೆ ಬಂದು ನೆಲೆಸಿದ ನಾವೆಲ್ಲ ಇಲ್ಲಿನ ಕೋಟೆ, ಅರಮನೆ, ಮ್ಯೂಸಿಯಂಗಳನ್ನು ನೋಡಿದ್ದೇವೆ. ಊರಿನಿಂದ ನೆಂಟರು ಬಂದಾಗಲಂತೂ ಒಂದೇ ಅರಮನೆಯನ್ನು ನಾಲ್ಕೈದು ಸಲ ನೋಡಿದ್ದೇವೆ! ಆದರೆ ಚಳಿಗಾಲದ ಶನಿವಾರಗಳಂದು ಶಾಲೆಯ ಹಾಲಿನಲ್ಲೋ ಲೀಷರ್ ಸೆಂಟರಿನಲ್ಲೋ ನಡೆಯುವ ಮಾಡೆಲ್ ರೈಲ್ವೆ ಪ್ರದರ್ಶನಗಳ ಕಡೆ ನಮ್ಮವರು ಸುಳಿಯುವುದು ಕಡಿಮೆ. ‘ಅದೇನು, ಮಕ್ಕಳಾಟ’ ಎಂದು ಮುಂದೆ ಹೋಗುವವರೇ ಹೆಚ್ಚು. ಮಕ್ಕಳಾಟವಾಗಿಯೇ ಅದು ಶುರುವಾದದ್ದು ನಿಜ. ಆದರೆ ನೂರು ವರ್ಷಗಳಲ್ಲಿ ಅದು ಈ ದೇಶದ ಜನ ತಮ್ಮ ಕಳೆದುಹೋದ ಊರುಗಳನ್ನು ಅಳತೆ ಹಿಡಿದು ಉಳಿಸಿಕೊಳ್ಳುವ ಬಗೆಯಾಗಿ ಬೆಳೆಯಿತು. ಆ ಕಥೆಯನ್ನು ಸದಸ್ಯ ಕುಟುಂಬಗಳ ಮುಂದಿಡುವ ಪ್ರಯತ್ನ ಇದು.

ತಗಡಿನ ರೈಲಿನಿಂದ ಆರಂಭ

ಆಟಿಕೆ ರೈಲು ಮೊದಲು ಹೆಸರು ಮಾಡಿದ್ದು ಜರ್ಮನಿಯಲ್ಲಿ. 1891ರ ಲೈಪ್‌ಜಿಗ್ ಜಾತ್ರೆಯಲ್ಲಿ ಮ್ಯಾರ್ಕ್ಲಿನ್ ಕಂಪನಿ ಗೊತ್ತಾದ ಅಳತೆಯ ಹಳಿಗಳ ಮೇಲೆ ಓಡುವ ರೈಲನ್ನು ತೋರಿಸಿತು. ಅಲ್ಲಿಯವರೆಗೆ ಒಂದು ರೈಲು ಕೊಂಡರೆ ಅಲ್ಲಿಗೇ ಮುಗಿಯಿತು. ಇನ್ನು ಮುಂದೆ ಪ್ರತಿ ಹುಟ್ಟುಹಬ್ಬಕ್ಕೂ ಒಂದಿಷ್ಟು ಹಳಿ, ಒಂದು ಡಬ್ಬಿ ಸೇರಿಸುತ್ತ ಹೋಗಬಹುದಾಯಿತು. ಇಂಗ್ಲೆಂಡಿನ ನಾರ್ಥಾಂಪ್ಟನ್ನಿನಲ್ಲಿ 1899ರಲ್ಲಿ ಆರಂಭವಾದ ಬ್ಯಾಸೆಟ್-ಲೋಕ್ ಕಂಪನಿ ಜರ್ಮನ್ ತಯಾರಕರಿಂದ ಬ್ರಿಟಿಷ್ ಎಂಜಿನ್ನುಗಳ ಮಾದರಿಗಳನ್ನು ಮಾಡಿಸಿ ಮಾರಿತು. ಗ್ವಾಲಿಯರ್ ಮಹಾರಾಜರ ಊಟದ ಮೇಜಿನ ಮೇಲೆ ಅತಿಥಿಗಳ ಮುಂದೆ ಓಡಾಡುತ್ತಿದ್ದ ಪ್ರಸಿದ್ಧ ಬೆಳ್ಳಿ ರೈಲು ಇದೇ ಕಂಪನಿಯದು. ಬಡಿಸುವವರಿಗೆ ಕೆಲಸ ಕಡಿಮೆ!

ಮೆಕ್ಯಾನೊ ಆಟಿಕೆಯಿಂದ ಆಗಲೇ ಹೆಸರಾಗಿದ್ದ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಕೀಲಿ ಕೊಟ್ಟು ಓಡಿಸುವ ರೈಲನ್ನು ಮಾರುಕಟ್ಟೆಗೆ ತಂದರು. 1938ರಲ್ಲಿ ಬಂದ ‘ಹಾರ್ನ್‌ಬಿ ಡಬ್ಲೊ’ ವಿದ್ಯುತ್ ರೈಲು ಎಷ್ಟು ಚಿಕ್ಕದಾಗಿತ್ತೆಂದರೆ, ನೆಲದ ಕಾರ್ಪೆಟ್ಟಿನ ಮೇಲೆ ಓಡುತ್ತಿದ್ದ ರೈಲು ಮೇಜಿನ ಮೇಲಕ್ಕೆ ಹತ್ತಿತು.

ಚಿಕ್ಕದು ಮಾಡುವಾಗ ಒಂದು ಪೇಚು ಬಂತು. ಯೂರೋಪಿನ ಎಚ್‌ಓ ಅಳತೆಯಲ್ಲಿ ಒಂದು ಅಡಿಗೆ 3.5 ಮಿಲಿಮೀಟರ್ ಲೆಕ್ಕ; ಹಳಿಗಳ ನಡುವೆ 16.5 ಮಿಲಿಮೀಟರ್. ಆದರೆ ಬ್ರಿಟನ್ನಿನ ಸೇತುವೆ, ಸುರಂಗಗಳು ಕಿರಿದು. ಅದರಿಂದ ಇಲ್ಲಿನ ಎಂಜಿನ್ನುಗಳೂ ಗಾತ್ರದಲ್ಲಿ ಸಣ್ಣವು. ಆ ಕಾಲದ ಮೋಟಾರು ಅಂಥ ಎಂಜಿನ್ನಿನ ಹೊಟ್ಟೆಯೊಳಗೆ ಹಿಡಿಸಲಿಲ್ಲ. ಉಪಾಯವಾಗಿ ಎಂಜಿನ್ನನ್ನು ಅಡಿಗೆ 4 ಮಿಲಿಮೀಟರಿನಂತೆ ಮಾಡಿ, ಹಳಿಯನ್ನು ಮೊದಲಿನ ಅಳತೆಯಲ್ಲೇ ಬಿಟ್ಟರು. ಇದೇ ‘ಓಓ’ ಅಳತೆ. ಇಂದಿಗೂ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಇದೇ. ಲೆಕ್ಕ ಹಾಕಿದರೆ 4 ಅಡಿ 8½ ಅಂಗುಲ ಇರಬೇಕಾದ ಹಳಿ ಏಳು ಅಂಗುಲ ಕಿರಿದಾಯಿತು! ಇದನ್ನು ಸಹಿಸದ ಕೆಲವರು 18.83 ಮಿಲಿಮೀಟರಿನ ಹಳಿಯನ್ನು ಕೈಯಾರೆ ಜೋಡಿಸಿಕೊಳ್ಳುತ್ತಾರೆ. ಮಡಿ ಎಂಬುದು ನಮ್ಮಲ್ಲಿ ಮಾತ್ರ ಇಲ್ಲ ಎಂಬುದಕ್ಕೆ ಇದೂ ಸಾಕ್ಷಿ.

ರೈಲಿನ ಸುತ್ತ ಊರು ಹುಟ್ಟಿತು

ಲಂಡನ್ನಿನ ‘ಮಾಡೆಲ್ ರೈಲ್ವೆ ಕ್ಲಬ್’ ಸ್ಥಾಪನೆಯಾದದ್ದು 1910ರಲ್ಲಿ. ವೆಸ್ಟ್‌ಮಿನ್‌ಸ್ಟರಿನ ಸೆಂಟ್ರಲ್ ಹಾಲಿನಲ್ಲಿ ಈಸ್ಟರ್ ಹೊತ್ತಿಗೆ ಅದು ನಡೆಸುತ್ತಿದ್ದ ಪ್ರದರ್ಶನ ಹಲವು ದಶಕಗಳ ಕಾಲ ಈ ಹವ್ಯಾಸಿಗಳಿಗೆ ಜಾತ್ರೆಯಿದ್ದಂತೆ. ಮೊದಮೊದಲು ಜನ ನೋಡುತ್ತಿದ್ದುದು ಎಂಜಿನ್ನನ್ನು. ಸುತ್ತ ಬರೀ ಹಲಗೆ. ಈ ನೋಟವನ್ನು ಬದಲಿಸಿದವರಲ್ಲಿ ಜಾನ್ ಅಹರ್ನ್ ಮುಖ್ಯರು. 1930ರ ದಶಕದ ಕೊನೆಯಿಂದ ಅವರು ಕಟ್ಟಿದ ‘ಮ್ಯಾಡರ್ ವ್ಯಾಲಿ’ಯಲ್ಲಿ ಹೊಳೆ, ಗಿರಣಿ, ಬೀದಿ, ಅಂಗಡಿ ಎಲ್ಲ ಇದ್ದವು, ರೈಲು ಊರಿನ ನಡುವೆ ಹಾದುಹೋಗುವ ಒಂದು ಅಂಗವಾಗಿತ್ತು.

ಮುಂದೆ 1963ರಲ್ಲಿ ಡಾಕ್ಟರ್ ಬೀಚಿಂಗ್ ವರದಿ ಬಂತು. ನಷ್ಟದ ಕಾರಣಕ್ಕೆ ಸುಮಾರು 5,000 ಮೈಲಿ ಹಾದಿಯನ್ನೂ 2,363 ನಿಲ್ದಾಣಗಳನ್ನೂ ಮುಚ್ಚಬೇಕೆಂದು ಅದು ಶಿಫಾರಸು ಮಾಡಿತು. ಎಲ್ಲವೂ ಮುಚ್ಚಲಿಲ್ಲ, ಆದರೆ ಹಳ್ಳಿ ಕವಲುದಾರಿಗಳಲ್ಲಿ ಬಹುಪಾಲು ಹೋದವು. ಪ್ರದರ್ಶನಗಳಲ್ಲಿ ಅಷ್ಟೊಂದು ಪುಟ್ಟ ಹಳ್ಳಿ ನಿಲ್ದಾಣಗಳು ಏಕೆ ಕಾಣುತ್ತವೆ ಎಂಬುದಕ್ಕೆ ಉತ್ತರ ಇಲ್ಲಿದೆ. ಹಾಲಿನ ಕ್ಯಾನುಗಳು ಸಾಲಾಗಿ ನಿಂತ ಪ್ಲಾಟ್‌ಫಾರಂ, ಎರಡೇ ಡಬ್ಬಿಯ ರೈಲು, ಸಿಗ್ನಲ್ ಮನೆಯ ಪಕ್ಕ ಒಂದಿಷ್ಟು ತರಕಾರಿ ಮಡಿ. ಅಂಥ ಎಷ್ಟೋ ಕಡೆ ಇಂದು ಬೈಪಾಸ್ ರಸ್ತೆಯೋ ಮನೆಗಳ ಸಾಲೋ ಇದೆ. ಆ ನಿಲ್ದಾಣ ಉಳಿದಿರುವುದು ಯಾರೋ ಒಬ್ಬರು ಕಟ್ಟಿದ ಹಲಗೆಯ ಮೇಲೆ ಮಾತ್ರ.

ಪರದೇಶಿ ಕಂಡ ಹಳ್ಳಿ

ನಮ್ಮಂಥ ವಲಸೆಗಾರರಿಗೆ ತೀರ ಹತ್ತಿರವಾಗುವ ಕಥೆ ರಾಯ್ ಇಂಗ್ಲೆಂಡ್ ಅವರದು. ಹೆಸರು ಇಂಗ್ಲೆಂಡ್ ಆದರೂ ಮನುಷ್ಯ ಆಸ್ಟ್ರೇಲಿಯಾದವರು. ಹತ್ತೊಂಬತ್ತರ ಆಸುಪಾಸಿನಲ್ಲಿ, 1925ರಲ್ಲಿ, ಅವರು ಇಲ್ಲಿಗೆ ಬಂದರು. ಸುಣ್ಣಕಲ್ಲಿನ ಬೆಟ್ಟದ ಮೈಮೇಲೆ ಪುರಾತನರು ಕೊರೆದ ಬಿಳಿ ಕುದುರೆಯಿಂದ ಹೆಸರು ಪಡೆದ ‘ವೇಲ್ ಆಫ್ ವೈಟ್ ಹಾರ್ಸ್’ ಕಣಿವೆಯಲ್ಲಿ ನೆಲೆಸಿದರು. ಅವರನ್ನು ಸೆಳೆದದ್ದು ಗ್ರೇಟ್ ವೆಸ್ಟರ್ನ್ ರೈಲ್ವೆ. ಹಿಡಿದು ನಿಲ್ಲಿಸಿದ್ದು ಅಲ್ಲಿನ ಹಳ್ಳಿಮನೆಗಳು. ಅವರ ಕಣ್ಣೆದುರಿಗೇ ಹುಲ್ಲಿನ ಮಾಡುಗಳು ಇಳಿದು ತಗಡಿನ ಶೀಟುಗಳು ಏರತೊಡಗಿದವು. ಅಲ್ಲಿಯವರಿಗೆ ಅವು ಸೋರುವ ಹಳೇ ಮನೆಗಳು. ಹೊರಗಿನಿಂದ ಬಂದವನಿಗೆ ಮಾತ್ರ ಅವು ಇನ್ನು ಬಾರದ ವಸ್ತುಗಳಾಗಿ ಕಂಡವು.

ಅವರು ಮನೆಮನೆಗೆ ಹೋಗಿ ಅಳೆದು, ನೋಟ್ಸ್ ಮಾಡಿಕೊಂಡು, ಎಪ್ಪತ್ತಾರರಲ್ಲಿ ಒಂದು ಪಾಲಿನ ಅಳತೆಯಲ್ಲಿ ಕಟ್ಟಲು ಆರಂಭಿಸಿದರು. ಗೋಡೆಗೆ ಬಳಸಿದ್ದು ರಟ್ಟು. ಅದರ ಮೇಲೆ ಇಟ್ಟಿಗೆಯ ಗೆರೆಗಳನ್ನು ಒಂದೊಂದಾಗಿ ಗೀರಿ ಜಲವರ್ಣದಿಂದ ಬಣ್ಣ ತುಂಬುವುದು. ಹೀಗೆ ಒಂದೊಂದು ಮನೆಗೆ ತಿಂಗಳುಗಟ್ಟಲೆ ಕೆಲಸ. 1954ರಲ್ಲಿ ಆಕ್ಸ್‌ಫರ್ಡ್‌ಷೈರಿನ ಲಾಂಗ್ ವಿಟನಮ್ ಹಳ್ಳಿಯಲ್ಲಿ ‘ಪೆಂಡನ್ ಮ್ಯೂಸಿಯಂ’ ಆರಂಭವಾಯಿತು. ಸ್ವಯಂಸೇವಕರು ಕೈಜೋಡಿಸಿದರು. ಅಹರ್ನ್ ತೀರಿಕೊಂಡ ಮೇಲೆ ಮ್ಯಾಡರ್ ವ್ಯಾಲಿಯೂ ಅಲ್ಲಿಗೇ ಬಂದು ಸೇರಿತು. ರಾಯ್ ಇಂಗ್ಲೆಂಡ್ 1995ರಲ್ಲಿ ತೀರಿಕೊಂಡರು. ಅವರು ಹಿಡಿದ ಕೆಲಸ ನಿಂತಿಲ್ಲ. ಒಂದು ಸೀಮೆಯ ನೆನಪನ್ನು ಹೀಗೆ ಕಾಪಾಡಲು ಹೊರಟವರು ಹೊರಗಿನಿಂದ ಬಂದವರು ಎಂಬುದನ್ನು ನಾವು ಮರೆಯಬಾರದು.

ಪ್ರದರ್ಶನ ನೋಡುವ ಬಗೆ

ಹಾಲಿಗೆ ಹೋದಾಗ ರೈಲನ್ನು ನೋಡಿದಷ್ಟೇ ಅದರ ಹಿಂದೆ ನಿಂತವರನ್ನೂ ನೋಡಬೇಕು. ಬಹಳಷ್ಟು ಲೇಔಟುಗಳಲ್ಲಿ ಕಾಣುವ ಊರಿನ ಪಕ್ಕದಲ್ಲೋ ಹಿಂಬದಿಯಲ್ಲೋ ‘ಫಿಡಲ್ ಯಾರ್ಡ್’ ಎಂಬ ಮರೆಯಾದ ಜಾಗವಿರುತ್ತದೆ. ಯಕ್ಷಗಾನದ ಚೌಕಿ ಇದ್ದ ಹಾಗೆ. ಮುಂದಿನ ಸರದಿಯ ರೈಲು ಅಲ್ಲಿ ಸಜ್ಜಾಗಿ ನಿಂತಿರುತ್ತದೆ. ಕೆಲವರು ನಿಜವಾದ ವೇಳಾಪಟ್ಟಿ ಇಟ್ಟುಕೊಂಡು, ಗಂಟೆಯ ಸಂಕೇತ ಕೊಟ್ಟೇ ರೈಲು ಬಿಡುತ್ತಾರೆ. ಆಗ ಐದು ನಿಮಿಷ ಯಾವ ರೈಲೂ ಬಾರದಿರಬಹುದು. ಮಕ್ಕಳಿಗೆ ತಾಳ್ಮೆ ಹೇಳಿಕೊಡಲು ಒಳ್ಳೆಯ ಅವಕಾಶ. ಮಾಡೆಲ್ ರೈಲ್ವೆ ಕ್ಲಬ್ಬಿನ ‘ಕೋಪನ್‌ಹೇಗನ್ ಫೀಲ್ಡ್ಸ್’ ಎಲ್ಲಾದರೂ ಬಂದರೆ ತಪ್ಪಿಸಿಕೊಳ್ಳಬೇಡಿ. ಎರಡು ಮಹಾಯುದ್ಧಗಳ ನಡುವಿನ ಉತ್ತರ ಲಂಡನ್ ಅದು. ಹಿಂದೆ ಹೋದಂತೆ ಕಟ್ಟಡಗಳನ್ನು ಚಿಕ್ಕದು ಮಾಡುತ್ತ ಹೋಗಿ, ಕೆಲವೇ ಅಡಿಗಳಲ್ಲಿ ಮೈಲಿಗಟ್ಟಲೆ ಊರನ್ನು ತೋರಿಸಿದ್ದಾರೆ. ‘ಥಾಮಸ್’ ಎಂಜಿನ್ನಿನ ಕಥೆಗಳನ್ನು ಬರೆದ ಪಾದ್ರಿ ಆಡ್ರಿಯವರು ಕೂಡ ತಾವೇ ಕಟ್ಟಿದ ಲೇಔಟನ್ನು ಇಂಥ ಪ್ರದರ್ಶನಗಳಿಗೆ ಒಯ್ಯುತ್ತಿದ್ದರು ಎಂದು ಹೇಳಿದರೆ ಚಿಕ್ಕ ಮಕ್ಕಳು ತಾವಾಗಿಯೇ ಹೊರಡುತ್ತಾರೆ.

ನಮ್ಮ ಪಾಲಿನ ನಿಲ್ದಾಣ

ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಹಾದಿ ಮೈಸೂರು ಮುಟ್ಟಿದ್ದು 1882ರಲ್ಲಿ. ನಮ್ಮಲ್ಲಿ ಅನೇಕರು ಮೊದಲ ಸಲ ರೈಲು ಹತ್ತಿದ್ದು ಮೀಟರ್ ಗೇಜಿನಲ್ಲೇ. ಈಗ ಅದು ಬ್ರಾಡ್ ಗೇಜ್. ತಾಳಗುಪ್ಪದ ಹಾದಿಯೂ 2011ರಲ್ಲಿ ಬದಲಾಯಿತು. ಪ್ರಯಾಣ ಸುಗಮವಾಯಿತು, ಅದಕ್ಕೆ ಯಾರ ತಕರಾರೂ ಇಲ್ಲ. 1979ರಲ್ಲಿ ಸ್ಥಾಪನೆಯಾದ ಮೈಸೂರಿನ ರೈಲ್ವೆ ಮ್ಯೂಸಿಯಂ ಎಂಜಿನ್ನುಗಳನ್ನೂ ಮಹಾರಾಣಿಯವರ ಸಲೂನನ್ನೂ ಕಾಪಾಡಿದೆ. ಆದರೆ ಹೆಂಚಿನ ಮಾಡಿನ ಸಣ್ಣ ನಿಲ್ದಾಣ, ಗಂಟೆಯಾಗಿ ತೂಗುಹಾಕಿದ ಹಳಿಯ ತುಂಡು, ಡ್ರೈವರು ಓಡುವ ಎಂಜಿನ್ನಿನಿಂದಲೇ ಕೈಚಾಚಿ ತೆಗೆದುಕೊಳ್ಳುತ್ತಿದ್ದ ಟೋಕನ್ನಿನ ಬಳೆ, ಮರಳು ತುಂಬಿದ ಕೆಂಪು ಬಕೆಟ್ಟುಗಳ ಸಾಲು, ಇವು ಯಾವ ಮೂಲೆಯಲ್ಲಿ ಹೇಗಿದ್ದವು ಎಂಬುದು ಉಳಿದಿರುವುದು ಹಿರಿಯರ ನೆನಪಿನಲ್ಲಿ ಮಾತ್ರ.

ಕಟ್ಟಲು ಮನಸ್ಸಿದ್ದವರಿಗೆ ದಾರಿಯೂ ಇದೆ. ಸ್ವಿಟ್ಜರ್‌ಲೆಂಡಿನ ಬೆಟ್ಟದ ರೈಲುಗಳೂ ಮೀಟರ್ ಗೇಜೇ. ಅವುಗಳಿಗೆಂದು ಅಂಗಡಿಯಲ್ಲಿ ಸಿಗುವ 12 ಮಿಲಿಮೀಟರಿನ ಹಳಿ ಎಂಬತ್ತೇಳರಲ್ಲಿ ಒಂದು ಪಾಲಿನ ಅಳತೆಗೆ ಹೊಂದುತ್ತದೆ, ಮೈಸೂರು ಸೀಮೆಯ ಮೀಟರ್ ಗೇಜಿಗೂ ಅದೇ ಸಾಕು. ಕಟ್ಟಡ ನಾವೇ ಕಟ್ಟಬೇಕು, ರಟ್ಟು ಎಲ್ಲೆಡೆ ಸಿಗುತ್ತದೆ. ಸಿಗದಿರುವುದು ಅಳತೆ. ಬೇಸಿಗೆಗೆ ಇಲ್ಲಿ ಬಂದಿರುವ ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಅವರ ಊರಿನ ಸ್ಟೇಷನ್ನಿನ ನಕ್ಷೆ ಬರೆಯಲು ಮಕ್ಕಳಿಗೆ ಹೇಳೋಣ. ಟಿಕೆಟ್ ಕಿಟಕಿ ಎಲ್ಲಿತ್ತು, ನೀರಿನ ಮಡಕೆ ಎಲ್ಲಿತ್ತು, ಪ್ಲಾಟ್‌ಫಾರಮ್ಮಿನಲ್ಲಿ ಯಾವ ಮರವಿತ್ತು ಎಂದು ಕೇಳಿ ಗುರುತು ಹಾಕಲಿ. ನಕ್ಷೆ ಕೈಯಲ್ಲಿದ್ದರೆ ನಿಲ್ದಾಣವನ್ನು ಯಾವಾಗ ಬೇಕಾದರೂ ಕಟ್ಟಬಹುದು. ಹೇಳುವವರು ನಮ್ಮೊಡನೆ ಇರುವುದು ಈಗ.